ಕಾಣೆಯಾದ ನೆಗ್ಗು

"ಕಳ್ಳತನ ಆಗಿದೆ ಕಣಮ್ಮ," ಎಂದರು ಪಕ್ಕದ ಮನೆಯ ಮುರುಗೇಶಪ್ಪ.

"ಬೈಕ್ ಇಲ್ಲೇ ಇದೆಯಲ್ಲ ಅಂಕಲ್?" ಎಂದಳು ನನ್ನ ಹೆಂಡತಿ ತನುಜಾ.

"ಬೈಕ್ ಇದೆ. ನೆಗ್ಗು ಹೋಗಿದೆ."

ನಾನು ನಗಲಿಲ್ಲ. ವಿದ್ಯಾನಗರದ ನಮ್ಮ ರಸ್ತೆಯಲ್ಲಿ ಆ ನೆಗ್ಗು ಗೊತ್ತಿಲ್ಲದವರಿಲ್ಲ. ಹಳೇ ಕಪ್ಪು ಬೈಕು. ಪೆಟ್ರೋಲ್ ಟ್ಯಾಂಕಿನ ಎಡಗಡೆ ಅಂಗೈ ಅಗಲದ ನೆಗ್ಗು. ಮೂವತ್ತು ವರ್ಷದ ಹಿಂದೆ ಗಾಜನೂರಿನ ಕಾಡುರಸ್ತೆಯಲ್ಲಿ ಆನೆ ಒದ್ದದ್ದು! ಭಾನುವಾರ ಮುರುಗೇಶಪ್ಪನವರ ಮೊಮ್ಮಗಳು ಸುಶ್ಮಿತಾಳ ಕ್ಲಾಸಿನ ಮಕ್ಕಳೆಲ್ಲ ಅದನ್ನು ಮುಟ್ಟಿ ನೋಡಿ ಕಥೆ ಕೇಳಲು ಬರುವವರಿದ್ದರು. ಇವತ್ತು ಶುಕ್ರವಾರ. ಟ್ಯಾಂಕು ನುಣ್ಣಗೆ ಹೊಳೆಯುತ್ತಿತ್ತು.

"ನೆಗ್ಗೇ ಇಲ್ದಿದ್ರೆ ಆನೇನ ಯಾರು ನಂಬ್ತಾರೆ?" ಅವರು ನುಣುಪಾದ ಟ್ಯಾಂಕನ್ನು ಸವರಿದರು. ನನಗೆ ಪಾಪ ಅನಿಸಿತು.

ತನುಜಾ ವಿಮೆಯ ಸರ್ವೇಯರ್. ಜಜ್ಜಿಹೋದ ವಾಹನ ನೋಡಿ ಸುಳ್ಳು ಹಿಡಿಯುವುದು ಅವಳ ಕೆಲಸ. ಮನೆಯಲ್ಲಿ ನನ್ನ ಮೇಲೆ ದಿನವೂ ಅಭ್ಯಾಸ ನಡೆಯುತ್ತದೆ.

ಅವಳು ಟ್ಯಾಂಕಿಗೆ ಸಣ್ಣ ಅಯಸ್ಕಾಂತ ಹಿಡಿದಳು. ಗಟ್ಟಿಯಾಗಿ ಅಂಟಿಕೊಂಡಿತು. "ಪುಟ್ಟಿ ಮೆತ್ತಿ ಮುಚ್ಚಿದ್ರೆ ಹೀಗೆ ಅಂಟ್ತಿರ್ಲಿಲ್ಲ. ತಗಡನ್ನೇ ಎತ್ತಿದ್ದಾರೆ." ಮುಚ್ಚಳ ತೆಗೆದು, ಟ್ಯಾಂಕಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಳೆ ಕಿತ್ತಳು.

"ಏನು ಹೇಳಿ ಇದು?"

"ಕಸ," ಎಂದೆ. ಅವಳು ಅದನ್ನು ಪರ್ಸಿಗೆ ಹಾಕಿಕೊಂಡಳು.

"ಎಷ್ಟು ದಿನ ಊರಲ್ಲಿರ್ಲಿಲ್ಲ ಅಂಕಲ್?"

"ನಾಲ್ಕು ದಿನ. ಹರಿಹರದಲ್ಲಿ ಮದುವೆ, ಒಬ್ಬನೇ ಹೋಗಿದ್ದೆ. ಬೆಳಿಗ್ಗೆ ಬಂದೆ."

"ಯಾರ ಮೇಲೆ ಅನುಮಾನ?"

"ಎದುರುಮನೆ ಮನೋಹರ. ಬೈಕ್ ಮಾರಿ ಅಂತ ಎರಡು ವರ್ಷದಿಂದ ಪ್ರಾಣ ತಿಂತಿದ್ದಾನೆ. ಆ ನೆಗ್ಗಿಗೋಸ್ಕರವೇ ನಾನು ಮಾರ್ತಿಲ್ಲ ಅಂತ ಅವನಿಗೆ ಗೊತ್ತು."

"ಒಂದು ನೆಗ್ಗಿಗೆ ಇಷ್ಟು ರಂಪವಾ ರೀ?" ಎನ್ನುತ್ತ ಅವರ ಹೆಂಡತಿ ಶಂಕರಮ್ಮ ಎಲ್ಲರಿಗೂ ಟೀ ಕೊಟ್ಟರು.

ಮನೋಹರನನ್ನು ಕೇಳಿದೆವು. ಅವನ ಮುಖ ಬಾಡಿತು. "ನೆಗ್ಗು ಹೋಯ್ತಾ? ಅದಕ್ಕೇ ಅಲ್ವಾ ಮಾರಾಯ್ರೇ ನಂಗೆ ಆ ಬೈಕ್ ಬೇಕಿದ್ದಿದ್ದು. ಈಗ ಪುಕ್ಕಟೆ ಕೊಟ್ರೂ ಬೇಡ."

ಪುಟ್ಟಿಯಿಲ್ಲದೆ ಹಳೇ ಟ್ಯಾಂಕಿನ ನೆಗ್ಗು ಎತ್ತುವವರು ತನುಜಾಗೆ ಗೊತ್ತಿದ್ದಂತೆ ಒಬ್ಬರೇ — ಭದ್ರಾವತಿಯ ಗಂಗಾಧರಪ್ಪ. ಮಧ್ಯಾಹ್ನ ಅವರ ಶೆಡ್ಡಿಗೆ ಹೋದೆವು.

"ಗಿರಾಕಿ ಹೆಸರು ಹೇಳಲ್ಲಮ್ಮ. ಮಾತು ಕೊಟ್ಟಿದ್ದೀನಿ."

"ಬೇಡ. ಬೈಕ್ ಬಂದಿತ್ತಾ?"

"ಇಲ್ಲ. ಟ್ಯಾಂಕ್ ಒಂದೇ. ಅಕ್ಕಿ ಚೀಲದಲ್ಲಿ, ಬಸ್ಸಲ್ಲಿ."

"ತೊಳೆದು ತಂದಿದ್ರಾ?"

"ತೊಳೀದೆ ಮುಟ್ತೀನಾ? ಒಳಗೆ ಪೆಟ್ರೋಲ್ ಹಬೆ ಇದ್ದು ಬೆಂಕಿ ತೋರಿಸಿದ್ರೆ ನಾನೂ ಇಲ್ಲ, ಶೆಡ್ಡೂ ಇಲ್ಲ. ಮೊದಲೇ ಫೋನಲ್ಲಿ ಹೇಳಿದ್ದೆ. ಆದ್ರೆ ಇಷ್ಟು ಹಳೇ ಟ್ಯಾಂಕು, ಒಳಗೆ ಒಂಚೂರು ತುಕ್ಕಿಲ್ಲ. ಚೊಂಬು ಬೆಳಗಿದ ಹಾಗಿತ್ತು."

ತನುಜಾ ನಕ್ಕಳು. ನನಗೆ ಏನೂ ಹೊಳೆಯಲಿಲ್ಲ.

ಸಂಜೆ ಮುರುಗೇಶಪ್ಪನವರ ಹಜಾರದಲ್ಲಿ ಅವಳು ಪರ್ಸಿನಿಂದ ಆ ಎಳೆ ತೆಗೆದಳು.

"ಇವರು ಕಸ ಅಂದ್ರು. ಇದು ಹುಣಸೆಹಣ್ಣಿನ ನಾರು. ಮೆಕ್ಯಾನಿಕ್ ಆದ್ರೆ ತುಕ್ಕಿಗೆ ಆಸಿಡ್ ಹಾಕ್ತಾನೆ. ಹುಣಸೆ ನೀರು ಹಾಕಿ ಕುಲುಕೋದು ಅಡುಗೆಮನೆ ಕೈ. ಅಲ್ವಾ ಆಂಟಿ?"

ಶಂಕರಮ್ಮ ಮೆಲ್ಲಗೆ ಕುಳಿತರು.

"ಹೌದು, ನಾನೇ. ನೆಗ್ಗು ತೆಗೆಸಿದ್ದೂ ನಾನೇ, ಅವತ್ತು ಮಾಡಿದ್ದೂ ನಾನೇ. ಇವರು ಮಲಗಿದ್ದಾಗ ಬೈಕ್ ಕಲಿಯೋಕೆ ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೆಡವಿದೆ. ಹೇಳೋಣ ಅನ್ನೋಷ್ಟರಲ್ಲಿ ಇವರು ಗಾಜನೂರಿಗೆ ಹೋಗಿ ಬಂದ್ರು. ಆನೆ ಬಂತು, ಬೈಕ್ ಬಿಟ್ಟು ಓಡಿದೆ, ವಾಪಸ್ ಬಂದು ನೋಡಿದ್ರೆ ನೆಗ್ಗು ಅಂದ್ರು. ಪಾಪ, ಆನೇನೇ ಒದ್ದಿದ್ದು ಅಂತ ನಂಬಿಬಿಟ್ಟಿದ್ರು. ಈಗ ಮಕ್ಕಳ ಮುಂದೆ ಇವರ ಬಾಯಲ್ಲಿ ಸುಳ್ಳು ಹೇಳಿಸೋಕೆ ಮನಸ್ಸು ಬರ್ಲಿಲ್ಲ."

ಮುರುಗೇಶಪ್ಪ ಎದ್ದು ಹೆಂಡತಿಯ ಪಕ್ಕ ಬಂದು ಕುಳಿತರು.

"ನಾನು ಅವತ್ತು ಗಾಜನೂರಿಗೆ ಹೋಗ್ಲೇ ಇಲ್ಲ ಮಾರಾಯ್ತಿ."

"ಮತ್ತೆ?"

"ಇಲ್ಲೇ ಗಾಂಧಿ ಬಜಾರಲ್ಲಿ ಎರಡು ಸುತ್ತು ಹಾಕಿ ಬಂದೆ. ನೀನು ಕೆಡವಿದ್ದನ್ನ ಕಿಟಕಿಯಿಂದ ನೋಡಿದ್ದೆ. ಬೈಕ್ ಅಪ್ಪಂದು. ನೀನು ಮದುವೆಯಾಗಿ ಬಂದು ತಿಂಗಳಾಗಿತ್ತು. ನಮ್ಮಪ್ಪ ಬೈಯೋಕಾಗದ ಪ್ರಾಣಿ ಯಾವುದು ಅಂತ ಯೋಚಿಸಿದೆ. ಆನೆ ಒಂದೇ ಹೊಳೀತು."

ತನುಜಾ ಕಣ್ಣೊರೆಸಿಕೊಂಡಳು. ಸುಳ್ಳು ಹಿಡಿದು ಅವಳು ಅತ್ತದ್ದು ಅದೇ ಮೊದಲು.

ಭಾನುವಾರ ಮಕ್ಕಳು ಬಂದರು, ನಿಜವಾದ ಕಥೆಯನ್ನೇ ಕೇಳಿದರು. ಮುಟ್ಟಲು ನೆಗ್ಗಿರಲಿಲ್ಲ, ಬದಲಿಗೆ ಶಂಕರಮ್ಮ ಸೆರಗು ಸಿಕ್ಕಿಸಿ ಬೈಕಿನ ಮೇಲೆ ಕುಳಿತಿದ್ದರು. ಹಿಂದಿನಿಂದ ಮುರುಗೇಶಪ್ಪ ಹಿಡಿದುಕೊಂಡಿದ್ದರು.

"ರೀ, ಮತ್ತೆ ಕೆಡವಿದ್ರೆ?"

"ಕೆಡವು. ಗಾಜನೂರಲ್ಲಿ ಆನೆಗೇನು ಬರವಾ?"