ಜೇಬಿನಲ್ಲಿದ್ದ ಕಲ್ಲು

"ಪ್ರಬಂಧದಿಂದ ಹನ್ನೊಂದನೇ ತುಂಡು ತೆಗೆದುಬಿಡಿ," ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಗುಂಡುಕಲ್ಲು ಅನ್ನುತ್ತಿದ್ದರು. ನೆಲ ಕೊರೆದು ಹಳೆಯ ಕಲ್ಲು ತರುವುದು ಅವನ ಕೆಲಸ. ಮಾತು ಮಾತ್ರ ಎಷ್ಟು ಕೊರೆದರೂ ಬರುತ್ತಿರಲಿಲ್ಲ. ಆ ಕಲ್ಲನ್ನು ಪುಡಿಮಾಡಿ, ಆಸಿಡ್‌ನಲ್ಲಿ ಕರಗಿಸಿ, ಒಳಗೇನಿದೆ ಎಂದು ಅಳೆಯುವುದು ಅವಳ ಕೆಲಸ. ಇಬ್ಬರೂ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು: ಮುನ್ನೂರು ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ಇತ್ತೇ?

ಇರಲಿಲ್ಲ ಎಂದೇ ಕಲ್ಲುಗಳು ಹೇಳುತ್ತಿದ್ದವು. ಆ ಕಾಲದ ನದಿ ಉರುಳಿಸಿ ತಂದ ಪೈರೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಇನ್ನೂ ಚಿನ್ನದಂತೆ ಹೊಳೆಯುತ್ತಿದ್ದವು. ಆಮ್ಲಜನಕ ಇದ್ದಿದ್ದರೆ ದಾರಿಯಲ್ಲೇ ತುಕ್ಕು ಹಿಡಿದು ಹಾಳಾಗುತ್ತಿದ್ದವು. ಹನ್ನೊಂದನೇ ತುಂಡಿನಲ್ಲಿ ಮಾತ್ರ ತುಕ್ಕು ಸಿಕ್ಕಿತ್ತು, ಅಂದರೆ ಆಗಲೇ ಆಮ್ಲಜನಕ ಇತ್ತು! ನಿನ್ನೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಪ್ರಬಂಧ ನಾಳೆ ಅಚ್ಚಿಗೆ ಹೋಗಬೇಕಿತ್ತು.

"ನನ್ನ ಲೆಕ್ಕ ತಪ್ಪಾ?"

"ಲೆಕ್ಕ ಸರಿ. ಕಲ್ಲೇ ಕೆಟ್ಟಿತ್ತು."

"ಹೊಟ್ಟೆಕಿಚ್ಚಾ ನಿಮಗೆ?" ಎಂದು ನಕ್ಕಳು. ಅವನು ನಗಲಿಲ್ಲ.

ಕೊರೆದ ಕಲ್ಲನ್ನು ಆ ಕ್ಷಣವೇ ನೈಟ್ರೋಜನ್ ತುಂಬಿದ ಚೀಲಕ್ಕೆ ಹಾಕಿ ಮುಚ್ಚಬೇಕು, ಇಲ್ಲವಾದರೆ ಇವತ್ತಿನ ಗಾಳಿಯೇ ಅದಕ್ಕೆ ತುಕ್ಕು ಹಿಡಿಸುತ್ತದೆ. ಇದರಲ್ಲಿ ಅವನು ಮಹಾ ಕಟ್ಟುನಿಟ್ಟು. ಒಮ್ಮೆ ಅವಳು ಕೈಗವಸಿಲ್ಲದೆ ಮುಟ್ಟಿದಳೆಂದು ದಿನವಿಡೀ ಮುಖ ಊದಿಸಿಕೊಂಡಿದ್ದ.

"ಅದು ಚೀಲದಲ್ಲಿರ್ಲಿಲ್ಲ. ನನ್ನ ಜೇಬಲ್ಲಿತ್ತು."

"ಎಷ್ಟು ಹೊತ್ತು?"

"ಮಳೆಗಾಲ ಪೂರ್ತಿ."

ಅವಳು ಕುರ್ಚಿ ತಿರುಗಿಸಿದಳು. ಅವನ ಕಿವಿಗಳು ಕೆಂಪಾಗಿದ್ದವು.

"ಯಾಕ್ರೀ?"

"ಎಲ್ಲಕ್ಕಿಂತ ಚೆನ್ನಾಗಿ ಹೊಳೀತಿತ್ತು. ನಿಮಗೆ ಕೊಡೋಣ ಅಂತ ದಿನಾ ತರ್ತಿದ್ದೆ, ದಿನಾ ವಾಪಸ್ ಒಯ್ತಿದ್ದೆ. ಕೊನೆಗೆ ನಿಮ್ಮ ಟೇಬಲ್ ಮೇಲಿಟ್ಟು ಓಡಿಹೋದೆ."

"ಅಯ್ಯೋ! ಚೀಲದಿಂದ ತೆಗೆದು ಪರೀಕ್ಷೆಗೆ ಇಟ್ಟಿದ್ದೀರ ಅಂದ್ಕೊಂಡು ಅರ್ಧ ಕುಟ್ಟಿ ಆಸಿಡ್‌ಗೆ ಹಾಕಿದ್ನಲ್ರೀ!"

"ನೋಡ್ದೆ. ಅದೇ ನಿಮ್ಮ ಉತ್ತರ ಅಂದ್ಕೊಂಡು ಸುಮ್ನಾದೆ. ನೀವದನ್ನ ಪರೀಕ್ಷೆಯ ಕಲ್ಲು ಅಂದ್ಕೊಂಡಿದ್ದು ಇವತ್ತು ಪ್ರಬಂಧ ಓದಿದ ಮೇಲೇ ಗೊತ್ತಾಗಿದ್ದು."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅಷ್ಟು ದೊಡ್ಡ ಶೋಧ ಒಬ್ಬನ ಜೇಬಿನ ಬೆವರಿನಲ್ಲಿ ಕೊಚ್ಚಿಹೋಗಿತ್ತು.

"ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಿಮ್ಮ ಹೆಸರಲ್ಲಿ ಸುಳ್ಳು ಅಚ್ಚಾಗೋದು ಬೇಡ."

ತನಗೋಸ್ಕರ ಬಾಯಿ ಬಿಡಲಾಗದವನು ಅವಳಿಗೋಸ್ಕರ ಎಲ್ಲವನ್ನೂ ಹೇಳಿಬಿಟ್ಟಿದ್ದ. ಇಂಥವನ ಮೇಲೆ ತನಗೆ ಮೊದಲಿಂದಲೂ ಪ್ರೀತಿಯಿತ್ತೆಂದು ಅವಳಿಗೆ ಆಗ ಖಾತ್ರಿಯಾಯಿತು. ಪ್ರಬಂಧದ ಪಟ್ಟಿಯಿಂದ ಹನ್ನೊಂದನೇ ಸಾಲನ್ನು ಅಳಿಸಿದಳು. ಡ್ರಾಯರ್‌ನಿಂದ ಉಳಿದರ್ಧ ಕಲ್ಲನ್ನು ತೆಗೆದು, ಬರಿಗೈಯಲ್ಲೇ ಹಿಡಿದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಕೈಗವಸು..." ಎಂದು ಅವನು ಶುರುಮಾಡಿದ.

"ಸುಮ್ನಿರಿ."

ಫೋನು ಬಡಿದುಕೊಂಡಿತು. ಅಮ್ಮ. ಶೋಧದ ಸುದ್ದಿಯನ್ನು ಆಕೆ ಆಗಲೇ ಬೀದಿಗೆಲ್ಲ ಸಾರಿ ಬಂದಿದ್ದರು.

"ಅಮ್ಮಾ, ನಿನ್ನೆ ಹೇಳಿದ್ದು ಸುಳ್ಳಾಯ್ತು. ಆಮ್ಲಜನಕ ಇರ್ಲಿಲ್ಲ. ಚಿಕ್ಕಮ್ಮಂಗೂ ಹೇಳ್ಬಿಡು... ಅಳ್ತಿಲ್ಲಮ್ಮ, ನಗ್ತಿದ್ದೀನಿ. ಭಾನುವಾರ ಒಬ್ಬರನ್ನ ಮನೆಗೆ ಕರ್ಕೊಂಡು ಬರ್ತೀನಿ. ಮಾತು ಕಮ್ಮಿ, ನೀನೇ ಮಾತಾಡಿಸ್ಬೇಕು."