ನೂರು ಎಣಿಸುವವರೆಗೆ

"ಕೈ ತೆಗೀರಿ ಪಾತ್ರೆಯಿಂದ!"

ಅವಳು ಸೌಟು ಎತ್ತಿ ಕೂಗಿದ ರಭಸಕ್ಕೆ ಅರಮನೆಯ ಅಡುಗೆಮನೆಯೇ ಗಪ್‌ಚಿಪ್ ಆಯಿತು. ಅಂದು ಹಿರಿಯ ರಾಜಕುಮಾರನ ಮದುವೆ; ಅದರ ಅಡುಗೆಗೆಂದು ಅವಳು ಬೆಳಗ್ಗೆಯೇ ಕೆಲಸಕ್ಕೆ ಸೇರಿದ್ದಳು.

ಎದುರಿಗಿದ್ದವನು ಕದಲಲಿಲ್ಲ. ಒಂದೇ ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡ. ಅವಳನ್ನೇ ನೋಡುತ್ತಾ ಸುಮ್ಮನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಹೊರಟೇ ಹೋದ!

"ಯಾರತ್ತೆ ಈ ಕಂಬ?"

ಹಿರಿಯ ಅಡುಗೆಯವಳಾಗಿದ್ದ ಅವಳ ಸೋದರತ್ತೆ ಹಣೆ ಚಚ್ಚಿಕೊಂಡಳು. "ಮೆಲ್ಲಗೆ ಮಾತಾಡೇ! ಕಿರಿಯ ರಾಜಕುಮಾರರು ಕಣೇ ಅವರು."

ರಾಜಕುಮಾರನಾದರೇನು? ಬೆಳಗಿನಿಂದ ಹೊಗೆ ಕುಡಿದು ಬೇಯಿಸಿದವಳಿಗೆ ಚೆನ್ನಾಗಿದೆ ಎನ್ನಲು ಬಾಯಿಗೇನು ಬೀಗವೇ?

ಮದುವೆ ಮುಗಿದ ಮರುದಿನವೂ ಬಂದ. ಅದರ ಮರುದಿನವೂ... ತಿಂಗಳೊಪ್ಪತ್ತು ಹೀಗೇ ನಡೆಯಿತು. ಒಂದು ಚಮಚ, ಮೌನ, ಅವಳ ಮುಖದ ಮೇಲೆ ನೆಟ್ಟ ಆ ಕಣ್ಣು! ಅವಳಿಗೆ ಮೈಯೆಲ್ಲ ಉರಿ. ಅವನು ಬರುವ ಹೊತ್ತಿಗೆ ಸರಿಯಾಗಿ ತಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೇನೆಂದು ಗೊತ್ತಾದಾಗಂತೂ ಇನ್ನೂ ಉರಿ.

ಒಂದು ಮಧ್ಯಾಹ್ನ ಅವನು ಹೊರಡುವಾಗ ಬಾಗಿಲಿಗೇ ಅಡ್ಡ ನಿಂತಳು. "ಉಪ್ಪು ಕಮ್ಮಿನಾ? ಖಾರ ಜಾಸ್ತಿನಾ? ಬಾಯಿ ಬಿಟ್ಟು ಹೇಳಿ!"

ಅವನ ತುಟಿ ಅಲುಗಿತು. ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ಹೋದ.

"ಅವರ ಮೇಲೆ ರೇಗಬೇಡ ಕಣೇ," ಅತ್ತೆ ಕಣ್ಣೊರೆಸಿಕೊಂಡಳು. "ಅಡುಗೇಲಿ ವಿಷ ಇದೆಯಾ ಅಂತ ನೋಡೋಕೆ ಬರ್ತಾರೆ. ಈ ವಂಶದಲ್ಲಿ ಹಾಗೇ. ಕಿರಿಯ ಮಗ ತಿಂದು ಬದುಕಿದ್ರೆ ಹಿರಿಯನಿಗೆ ಊಟ. ಏಳನೇ ವಯಸ್ಸಿಂದ ಇದೇ ಕೆಲಸ ಪಾಪ, ಹತ್ತೊಂಬತ್ತು ವರ್ಷ ಆಯ್ತು."

ಏಳು ವರ್ಷದ ಮಗು! ಅದನ್ನು ತಟ್ಟೆಯ ಮುಂದೆ ನಿಲ್ಲಿಸಿ, ಸಾಯುತ್ತದೋ ಇಲ್ಲವೋ ಎಂದು ಕಾದರಲ್ಲ, ಇವರೂ ಮನುಷ್ಯರೇ?

ಅವಳು ಕೊಡ ಎತ್ತಿದವಳೇ ಆರೂ ಒಲೆಗಳಿಗೆ ನೀರು ಸುರಿದಳು.

"ಅಯ್ಯೋ ಹುಚ್ಚಿ! ಕೆಲಸ ಹೋಗುತ್ತೆ, ತಲೇನೂ ಹೋಗುತ್ತೆ!"

"ಹೋಗ್ಲಿ!"

ಮಸಿ ಮೆತ್ತಿದ ಕೈಯಲ್ಲೇ ಊಟದ ಕೋಣೆಗೆ ನುಗ್ಗಿದಳು. ಮಹಾರಾಜರು ಮತ್ತು ಇಬ್ಬರು ಮಕ್ಕಳು ಖಾಲಿ ತಟ್ಟೆಗಳ ಮುಂದೆ ಕುಳಿತಿದ್ದರು.

"ಇವತ್ತು ಊಟ ಇಲ್ಲ ಮಹಾಪ್ರಭು! ಆಳೋಕೆ ಒಬ್ಬ ಮಗ, ಸಾಯೋಕೆ ಒಬ್ಬ ಮಗನಾ? ಕಿರಿಯರ ಕೈಲಿ ವಿಷ ನೋಡ್ಸೋದಾದ್ರೆ ನಾನು ಒಲೆ ಹಚ್ಚಲ್ಲ. ಬೇಕಾದ್ರೆ ತಲೆ ತೆಗೆಸಿ!"

ಹಿರಿಯ ರಾಜಕುಮಾರ ತಬ್ಬಿಬ್ಬಾದ. "ಅದನ್ನ ನನ್ನ ಮದುವೆ ಸಂಜೇನೇ ಹಟ ಹಿಡಿದು ನಿಲ್ಲಿಸಿದೆನಲ್ಲಮ್ಮ. ಈಗ ಮೊದಲ ತುತ್ತು ನಂದೇ. ಅಡುಗೆಮನೆಗೆ ಯಾರೂ ತಿಳಿಸಲಿಲ್ವಾ?"

"ಹತ್ತೊಂಬತ್ತು ವರ್ಷ ಆದ್ಮೇಲಾ?"

ಮಹಾರಾಜರು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಅವಳು ಗಿರ್ರನೆ ಕಿರಿಯವನತ್ತ ತಿರುಗಿದಳು. "ಹಾಗಾದ್ರೆ ನೀವು ದಿನಾ ಯಾಕೆ ಬರ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ನಿನ್ನನ್ನ ನೋಡೋಕೆ."

"ನೋಡೋಕೆ ಬಂದವರು ಒಂದು ಮಾತಾಡಬಾರದಾ?"

"ಚಮಚ ಬಾಯಿಗಿಟ್ಟ ಮೇಲೆ ನೂರು ಎಣಿಸೋವರೆಗೆ ಮಾತಾಡಬಾರದು ಅಂತ ಕಲಿಸಿದ್ರು. ಅಭ್ಯಾಸ ಬಿಡೋಕಾಗಿಲ್ಲ. ನೂರಾಗೋ ಹೊತ್ತಿಗೆ ಧೈರ್ಯ ಮುಗಿದಿರ್ತಿತ್ತು..." ಅವನು ಎದ್ದು ಹತ್ತಿರ ಬಂದ. "ನಾನು ಬದುಕಬೇಕು ಅಂತ ತನ್ನ ತಲೇನೇ ಪಣಕ್ಕಿಟ್ಟು ಇವತ್ತಿನವರೆಗೆ ಯಾರೂ ಜಗಳ ಆಡಿರಲಿಲ್ಲ. ನೀನಂದ್ರೆ ನನಗೆ ತುಂಬಾ ಇಷ್ಟ."

ಅಳು ಬಂತು. ಅಳು ಬಂತಲ್ಲ ಎಂದು ಸಿಟ್ಟೂ ಬಂತು!

"ಇದನ್ನ ಮೊದಲೇ ಹೇಳೋಕೇನಾಗಿತ್ತು? ಆರು ಒಲೆ ಆರಿಸಿದ್ದೀನಿ! ಸೌದೆಯೆಲ್ಲ ಒದ್ದೆ!"

"ನಾನು ಹಚ್ಚಿಕೊಡ್ತೀನಿ."

"ಬರುತ್ತಾ ನಿಮಗೆ?"

"ಇಲ್ಲ. ಕಲಿಸ್ತೀಯಾ?"

"ಬೇಗ ಕಲಿಯೋ ವಿದ್ಯೆ ಅಲ್ಲ ಅದು."

"ನಿಧಾನವಾಗೇ ಕಲಿಸು. ಅಲ್ಲಿವರೆಗೆ ನನ್ನ ಜೊತೆ ಇರ್ತೀಯಾ?"

ಅವಳು ಮಸಿ ಕೈಯನ್ನು ಮುಂದೆ ಚಾಚಿದಳು. "ಕಲಿತ ಮೇಲೂ ಇರ್ತೀನಿ."