ಬಟ್ಟಲಲ್ಲಿ ಉಳಿದ ಹಾಲು

"ನಮ್ಮ ಬಿಜಲಿಗಿ ಏನ್ ತಿನಸೀರಿ? ಖರೇ ಹೇಳ್ರಿ!"

ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಉಮಾದೇವಿ ಮೆಟ್ಟಿಲು ಹತ್ತಿ ಬಂದ ರಭಸಕ್ಕೆ ಮಹಡಿಯ ಬಾಗಿಲು ಗೋಡೆಗೆ ಬಡಿಯಿತು. ಒಳಗೆ ಬಾಡಿಗೆಗಿದ್ದ ಕಾಶೀನಾಥ ಚಮಚ ಬಾಯಲ್ಲಿಟ್ಟುಕೊಂಡು ಹಾಗೇ ನಿಂತುಬಿಟ್ಟ.

ಅವನು ವಾಡಿ ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವವನು, ಊರು ಚಿಂಚೋಳಿ. ಅವಳು ಕೆಳಗಿನ ಮನೆಯ ಮಗಳು, ಹೈಸ್ಕೂಲ್ ಟೀಚರ್. ಅವನು ಬಂದಾಗಿನಿಂದ ಇಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಸೇರಿಸಿದರೂ ಇಷ್ಟೇ: ದಿನಾ ಬೆಳಿಗ್ಗೆ ಅವಳು ಎಮ್ಮೆ ಹಾಲಿನ ತಂಬಿಗೆ ತಂದು "ಹಾಲು" ಎನ್ನುವಳು; ಅವನು "ಹ್ಞಾಂ, ಇಡ್ರಿ" ಎನ್ನುವನು. ಅಷ್ಟಕ್ಕೇ ಇಬ್ಬರಿಗೂ ದಿನವೆಲ್ಲ ಸಾಲುವಷ್ಟು ಖುಷಿ! ಅದನ್ನು ಯಾರೂ ಯಾರಿಗೂ ಹೇಳಿರಲಿಲ್ಲ, ಆ ಮಾತು ಬೇರೆ.

ಇವತ್ತು ಆ ಖುಷಿಗೆ ಬಿಜಲಿ ಮಣ್ಣು ಹಾಕಿತ್ತು. ಹೊಟ್ಟೆ ಕೆಟ್ಟು, ಪೂಜೆಗೆಂದು ಮಡಚಿಟ್ಟಿದ್ದ ಅಪ್ಪನ ಬಿಳಿ ಧೋತರದ ಮೇಲೆಯೇ... ಬೇಡ ಬಿಡಿ, ನೀವು ಊಟ ಮಾಡುತ್ತಾ ಓದುತ್ತಿರಬಹುದು.

"ನಾ ಏನೂ ತಿನಸಿಲ್ರಿ..." ಕಾಶೀನಾಥ ಚಮಚ ಕೆಳಗಿಟ್ಟ. "ಕಾರ್ನ್‌ಫ್ಲೇಕ್ಸ್ ತಿಂದ ಮ್ಯಾಲ ಬಟ್ಟಲದಾಗ ಹಾಲು ಉಳಿತದಲ್ರಿ, ಸಕ್ರಿ ಹಾಲು... ಅದನ್ನಷ್ಟ ಇಡ್ತೀನಿ. ಭಾಳ ಖುಷಿಲೆ ನೆಕ್ಕತದ."

"ಉಳಿತದ ಅಂದ್ರ? ಕುಡಿಬೇಕಲ್ಲ!"

ಉಮಾ ಬಟ್ಟಲಿಗೆ ಇಣುಕಿದಳು. ಫ್ಲೇಕ್ಸ್ ಒಂದೂ ಇಲ್ಲ, ಆರಿಸಿ ಆರಿಸಿ ತಿಂದಿದ್ದಾನೆ. ಹಾಲು ಮಾತ್ರ ಹಾಗೇ ಇದೆ!

"ನಮ್ಮ ಎಮ್ಮಿ ಹಾಲು ನಿಮ್ಮ ಬಾಯಿಗಿ ರುಚಿ ಹತ್ತಂಗಿಲ್ಲೇನು?"

"ಹಂಗಲ್ರಿ... ಅದು..." ಕಾಶೀನಾಥನ ಕಿವಿ ಕೆಂಪಾದವು.

ಅಂಗಳದಲ್ಲಿ ನಿಂತಿದ್ದ ಅಪ್ಪ ಗುರುಲಿಂಗಯ್ಯ ಮಾಸ್ತರರಿಗೆ ಇದಿಷ್ಟೂ ಕೇಳಿಸಿತು. ಅಲ್ಲೇ ಆದದ್ದು ನೋಡಿ ಎಡವಟ್ಟು.

ಮಾಸ್ತರರು ಊಟವನ್ನು ಊಟ ಎನ್ನುವವರಲ್ಲ, ಪ್ರಸಾದ ಎನ್ನುವವರು. ಉಂಡ ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದೇ ಏಳುವ ಮನೆತನ. ಮದುವೆ ಊಟದಲ್ಲೂ ಅಷ್ಟೇ, ಪಕ್ಕದಲ್ಲಿ ಕುಂತವರು ನಕ್ಕರೂ ಬಿಡುತ್ತಿರಲಿಲ್ಲ.

ಹೋದ ವಾರವಷ್ಟೇ ಅವರು ಹೆಂಡತಿ ಸೂಗಮ್ಮನಿಗೆ ಹೇಳಿದ್ದರು: "ಮ್ಯಾಲಿನ ಹುಡುಗ ಛಲೋ ಕಾಣ್ತಾನ. ಚಿಂಚೋಳಿಗಿ ಹೋಗಿ ಅವರ ಮನಿಯವರ ಕೂಡ ಮಾತಾಡಬೇಕು." ಬಾಗಿಲ ಮರೆಯಲ್ಲಿ ಅದನ್ನು ಕೇಳಿಸಿಕೊಂಡ ಉಮಾ, ಅವತ್ತು ಶಾಲೆಯ ಮಕ್ಕಳಿಗೆಲ್ಲ ಕೈಬಿಚ್ಚಿ ಮಾರ್ಕ್ಸ್ ಕೊಟ್ಟಿದ್ದಳು!

ಈಗ ಅದೇ ಅಪ್ಪ, ಕೆಳಗಿಳಿದು ಬಂದ ಮಗಳ ಎದುರಿಗೇ, ಮುಖ ಗಂಟಿಕ್ಕಿಕೊಂಡು ಹೆಂಡತಿಗೆ ಹೇಳಿದರು: "ಪ್ರಸಾದ ಬಿಟ್ಟೇಳೋ ಹುಡುಗಗ ನಾ ಮಗಳ್ನ ಕೊಡಂಗಿಲ್ಲ. ಸೇಡಂದವರು ಹೆಣ್ಣು ನೋಡ್ಲಿಕ್ಕಿ ಬರ್ತೀವಿ ಅನ್ಲಿಕತ್ತಾರ. ಬರ್ರಿ ಅಂತ ಹೇಳ್ತೀನಿ."

ಉಮಾ ಬಿಜಲಿಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. 'ಅಯ್ಯೋ... ನಾನೇ ಕೂಗಾಡಿ ನನ್ನ ಬಾಳನ್ನು ನಾನೇ ಕೆಡಿಸಿಕೊಂಡೆನಲ್ಲ!'

ಪಶು ಆಸ್ಪತ್ರೆಯ ಡಾಕ್ಟರ್ ಜಬೀನಾ ಉಮಾಳ ಗೆಳತಿ. ಬಿಜಲಿಯ ಹೊಟ್ಟೆ ಒತ್ತಿ ನೋಡಿ, ಕಥೆಯೆಲ್ಲ ಕೇಳಿ ನಕ್ಕುಬಿಟ್ಟಳು.

"ಹಾಲು ಬಂದ್ ಮಾಡು ಉಮಾ. ಮರಿ ಇದ್ದಾಗಿನ ಮಾತು ಬ್ಯಾರೆ. ದೊಡ್ಡದಾದ ಮ್ಯಾಲ ಭಾಳ ಬೆಕ್ಕಿಗಿ ಹಾಲು ಹಜಮ್ ಆಗಂಗಿಲ್ಲ. ನೀರಿಟ್ಟರ ಸಾಕು."

"ಮತ್ತ ಅಷ್ಟು ಆಸಿಲೆ ಯಾಕ ಕುಡಿತದ?"

"ಆಸಿ ನಾಲಿಗಿದು, ಸಜಾ ಹೊಟ್ಟಿಗಿ!"

ಉಮಾ ಮನೆಗೆ ಬಂದವಳೇ ಮಹಡಿ ಹತ್ತಿದಳು. ಈ ಸಲ ಮೆಲ್ಲಗೆ.

"ಬಿಜಲಿಗಿ ಇನ್ನ ಹಾಲು ಇಡಬ್ಯಾಡ್ರಿ, ಅದಕ್ಕ ಆಗಿಬರಂಗಿಲ್ಲಂತ. ನಿಮಗೂ ಬ್ಯಾಡಾಗಿದ್ರ ಹೇಳಿಬಿಡ್ರಿ... ನಾಳಿಂದ ನಾ ತರಂಗಿಲ್ಲ."

ಕಾಶೀನಾಥ ಗಾಬರಿಯಾಗಿ ಎದ್ದು ನಿಂತ. "ಬ್ಯಾಡ್ರಿ! ಅಂದ್ರ... ಬೇಕ್ರಿ! ಪೂರಾ ಕುಡಿತೀನಿ. ಒಂದು ಹನಿನೂ ಬಿಡಂಗಿಲ್ಲ!"

ಹೇಳಿದಂತೆಯೇ ಮಾಡಿದ. ಮರುದಿನದಿಂದ ಬಾಗಿಲಲ್ಲೇ ನಿಂತು ಬಟ್ಟಲನ್ನು ಎತ್ತಿ ಕುಡಿಯುವುದೇನು, ಕೆಳಗಿನ ಮನೆಯವರಂತೆ ನೀರು ಹಾಕಿ ತೊಳೆದು ಅದನ್ನೂ ಕುಡಿಯುವುದೇನು! ಕೆಳಗಿನಿಂದ ನೋಡಿದ ಮಾಸ್ತರರು "ಹುಡುಗ ಸುಧಾರಿಸ್ಯಾನ" ಎಂದು ಸೂಗಮ್ಮನ ಮುಂದೆ ಗೊಣಗಿದರು.

ಉಮಾಳಿಗೆ ಹೋದ ಜೀವ ಬಂದಂತಾಯಿತು. ಧೈರ್ಯ ಮಾಡಿ "ಹಾಲು" ಎನ್ನುವುದರ ಮುಂದೆ ಒಂದೆರಡು ಮಾತು ಸೇರಿಸತೊಡಗಿದಳು. ಅವನು ಕುಡಿದು ಮುಗಿಸುವವರೆಗೂ ಅಲ್ಲೇ ನಿಲ್ಲುತ್ತಿದ್ದಳು.

"ಇವತ್ತ ಡ್ಯೂಟಿ ಯಾವಾಗ್ರಿ?"

"ಮಧ್ಯಾಹ್ನದಾಗ..." ಎನ್ನುತ್ತಿದ್ದಂತೆ ಅವನ ಮುಖ ಒಂಥರಾ ಆಗುತ್ತಿತ್ತು. ಮರುಕ್ಷಣ ಅವಳ ಮುಖದ ಮೇಲೆಯೇ ಬಾಗಿಲು ದಢಾರ್!

ಒಂದು ದಿನವಾದರೆ ಸರಿ. ದಿನಾ ಇದೇ ಹಾಡು! ಅವಳು ಮಾತಿಗೆ ಶುರುಮಾಡಿದರೆ ಸಾಕು, ಅವನ ಹಣೆಯಲ್ಲಿ ಬೆವರು, ಕಾಲಲ್ಲಿ ಅವಸರ, ಆಮೇಲೆ ಬಾಗಿಲ ಸದ್ದು. ಅವನ ಮುಖವೂ ದಿನದಿನಕ್ಕೆ ಇಳಿದುಹೋಗುತ್ತಿತ್ತು.

'ನನ್ನ ಕಂಡರೆ ಇಷ್ಟು ಬೇಸರವೇ? ಅಪ್ಪನಿಗೆ ಹೆದರಿ ಹಾಲು ಕುಡಿಯುತ್ತಾರೆ, ನನ್ನ ಜೊತೆ ಎರಡು ಮಾತು ಮಾತ್ರ ಬೇಡ...' ಉಮಾ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ನೆವದಲ್ಲಿ ಮನಸಾರೆ ಅತ್ತಳು. ಅತ್ತು ಮುಗಿಸಿ ತಾಯಿಗೆ ಹೇಳಿದಳು:

"ಸೇಡಂದವರು ಬರಲಿ ಬಿಡವ್ವ. ನನಗೇನೂ ಇಲ್ಲ."

ಅವರು ಬರುವುದು ಭಾನುವಾರ ಸಂಜೆಗೆಂದು ಗೊತ್ತಾಯಿತು. ಆದರೆ ಮಾಸ್ತರರ ಮನಸ್ಸು ಇನ್ನೂ ಎರಡಾಗಿಯೇ ಇತ್ತು. ಕಡೆಯ ಸಲ ನೋಡಿಬಿಡೋಣ ಎಂದು ಅದೇ ಭಾನುವಾರ ಮಧ್ಯಾಹ್ನ ಕಾಶೀನಾಥನನ್ನು ಊಟಕ್ಕೆ ಕರೆದರು.

ಸೂಗಮ್ಮ ಮಾಲದಿ ಮಾಡಿದ್ದಳು. ಬೆಲ್ಲ ಬೆರೆತ ಗೋಧಿಯ ಪುಡಿಯನ್ನು ತಾಟಿನಲ್ಲಿ ಗುಡ್ಡೆ ಹಾಕಿ, ಅದರ ಮೇಲೆ ಬಿಸಿ ಎಮ್ಮೆ ಹಾಲು ಸುರಿದಳು. ಸುರಿದಳು ಅಂದರೆ, ಗುಡ್ಡೆ ಮುಳುಗುವವರೆಗೂ ಸುರಿದಳು!

"ಉಣ್ಣಪಾ," ಎಂದರು ಮಾಸ್ತರರು. "ನಿನ್ನ ಕಾರ್ನ್‌ಫ್ಲೇಕ್ಸಿನ ಮುತ್ಯಾ ಇದು, ಅದರ ಅಪ್ಪನ ಅಪ್ಪ!"

ಕಾಶೀನಾಥ ಒಮ್ಮೆ ಕಣ್ಣು ಮುಚ್ಚಿ ತೆರೆದ. ಬಾಗಿಲಲ್ಲಿ ನಿಂತಿದ್ದ ಉಮಾಳ ಕಡೆ ನೋಡಿದ. ಆಮೇಲೆ ತಲೆ ಬಗ್ಗಿಸಿ ಉಂಡ. ಹಾಲೆಲ್ಲ ಕುಡಿದ. ತಾಟು ತೊಳೆದು ಆ ನೀರನ್ನೂ ಕುಡಿದ.

ಮಾಸ್ತರರ ಮನಸ್ಸು ಕರಗಿಹೋಯಿತು. "ನೋಡಪಾ ಕಾಶೀನಾಥ... ನಮ್ಮ ಉಮಾನ ಮದುವಿ ಮಾತು ನಿನ್ನ ಕೂಡ..."

ಕಾಶೀನಾಥ ಚಂಗನೆ ಎದ್ದ. ಕೈ ಮುಗಿದ. ಓಡಿದ! ಮೆಟ್ಟಿಲ ಮೇಲೆ ಅವನ ಹೆಜ್ಜೆಗಳು ಧಡಧಡ ಸದ್ದು ಮಾಡಿದವು.

ಉಮಾಳಿಗೆ ಇನ್ನು ತಡೆಯಲಾಗಲಿಲ್ಲ. ಹಿಂದೆಯೇ ಮೆಟ್ಟಿಲು ಹತ್ತಿದಳು. ಕೋಣೆ ಖಾಲಿ, ಬಚ್ಚಲ ಬಾಗಿಲು ಮುಚ್ಚಿತ್ತು. ಗುದ್ದಿದಳು.

"ಹೊರಗ ಬರ್ರಿ!"

"ಬರ್ಲಿಕ್ಕಿ ಆಗಂಗಿಲ್ರಿ!"

"ನನ್ನ ಮದುವಿ ಮಾತು ಕೇಳಿದ ಕೂಡಲೇ ಓಡಿಬಂದ್ರಲ್ಲ! ನಾ ಬ್ಯಾಡಾಗಿದ್ರ ಬಾಯಿಲೆ ಹೇಳ್ರಿ. ಹಿಂಗ ದಿನಾ ಬಾಗಿಲಾ ಹಾಕ್ಕೊಂಡು ಯಾಕ ಅಪಮಾನ ಮಾಡ್ತೀರಿ?"

ಒಳಗಿನಿಂದ ಬಳಲಿದ ದನಿ:

"ನಾ ನಿಮ್ಮನ್ನ ನೋಡಿ ಓಡಂಗಿಲ್ರಿ... ಹಾಲು ಕುಡಿದು ಓಡ್ತೀನಿ. ಸಣ್ಣಾಂವ ಇದ್ದಾಗಿಂದ ನನಗ ಹಾಲು ಆಗಿಬರಂಗಿಲ್ಲ. ಬಿಜಲಿಗಿ ಆದಂಗೇ ಆಗ್ತದ..."

ಉಮಾ ಗುದ್ದುವ ಕೈ ಕೆಳಗಿಳಿಸಿದಳು. ಆ ಬೆವರು, ಆ ಅವಸರ, ಇಳಿದುಹೋದ ಆ ಮುಖ! ಎಲ್ಲಕ್ಕೂ ಈಗ ಅರ್ಥ ಸಿಕ್ಕಿತು.

"ಆಗಿಬರಂಗಿಲ್ಲ ಅಂದ್ರ ಇಷ್ಟು ದಿನ ಯಾಕ ತಗೊಂಡ್ರಿ? ಬ್ಯಾಡ ಅನ್ಲಿಕ್ಕಿ ಏನಾಗಿತ್ತು?"

"ಬ್ಯಾಡ ಅಂದಿದ್ರ..." ದನಿ ಇನ್ನೂ ಸಣ್ಣದಾಯಿತು. "ನೀವು ಮುಂಜಾನಿ ಬರೋದು ಬಂದ್ ಆಗ್ತಿತ್ತಲ್ರಿ."

ಉಮಾ ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು. ನಗು ಬಂತು, ಅದರ ಬೆನ್ನಿಗೇ ಅಳು. ಒಂದು ತಂಬಿಗೆ ಹಾಲಿನ ನೆವಕ್ಕೆ ಇವನು ಇಷ್ಟೆಲ್ಲ ಅನುಭವಿಸಿದನಲ್ಲ... ಮೊದಲ ದಿನದಿಂದಲೂ ಅವನಿಗಾಗಿಯೇ ಆ ಮೆಟ್ಟಿಲು ಹತ್ತುತ್ತಿದ್ದವಳು ತಾನೂ ಅಲ್ಲವೇ? ಇಷ್ಟು ಪ್ರೀತಿ ಎದೆಯಲ್ಲಿಟ್ಟುಕೊಂಡು ಅವಳೂ ಬರೀ "ಹಾಲು" ಅಂದಿದ್ದಳು!

ಹಿಂದೆ ಕೆಮ್ಮು ಕೇಳಿಸಿತು. ಅಪ್ಪ ನಿಂತಿದ್ದರು.

"ಏ ಹುಚ್ಚಪ್ಪ!" ಮಾಸ್ತರರು ಬಾಗಿಲಿಗೆ ಹೇಳಿದರು. "ತಾಟಿಗಿ ಬಿದ್ದದ್ದು ಬಿಡಬಾರದು, ಖರೇ. ಆಗಿಬರಲಾರದ್ದು ಬೀಳೋಕಿಂತ ಮೊದಲ ಕೈ ಅಡ್ಡ ಹಿಡಿಬೇಕೋ ಬ್ಯಾಡೋ? ಹೊಟ್ಟಿ ಕೆಡಿಸ್ಕೋ ಅಂತ ಯಾರ ಹೇಳ್ಯಾರ?"

ಬಾಗಿಲಾಚೆ ನಳದ ನೀರು ಭೋರೆಂದು ಸುರಿಯತೊಡಗಿತ್ತು. ಉಮಾ ಎದ್ದು ನಿಂತಳು. ಕಣ್ಣು ಒರೆಸಿಕೊಂಡಳು. ಅಪ್ಪನ ಮುಂದೆ ಎಂದೂ ಹೀಗೆ ಮಾತಾಡಿದವಳಲ್ಲ.

"ಅಪ್ಪಾ, ಸೇಡಂದವರಿಗಿ ಬರಬ್ಯಾಡ್ರಿ ಅಂತ ಫೋನ್ ಮಾಡ್ರಿ. ನನಗ ಇವರೇ ಬೇಕು."

ಮಾಸ್ತರರು ಮಗಳನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು. "ಬಚ್ಚಲದಾಗ ಕುಂತ ವರನ್ನ ಒಪ್ಪಿದಾಕಿ ನೀ ಒಬ್ಬಾಕಿನೇ ಇರಬೇಕು," ಎಂದು ಮೊಬೈಲ್ ಹುಡುಕುತ್ತಾ ಮೆಟ್ಟಿಲು ಇಳಿದರು. ಅವರು ನಗುತ್ತಿದ್ದುದು ಬೆನ್ನಿನಿಂದಲೇ ಕಾಣುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕಾಶೀನಾಥ ಮುಖ ತೊಳೆದುಕೊಂಡು, ಗೋಡೆ ಹಿಡಿದು ನಿಂತಿದ್ದ. ಅವಳನ್ನು ನೋಡಲೂ ನಾಚಿಕೆ.

"ಉಮಾದೇವಿಯವರ... ಇಂಥಾದ್ದು ಇಂಥಾ ಜಾಗಾದಾಗ ನಿಂತು ಕೇಳಬಾರದು. ಆದ್ರ ಇನ್ನ ತಡಿಯಂಗಿಲ್ಲ. ನನ್ನ ಮದುವಿ ಆಗ್ತೀರೇನು?"

"ಈಗ ಕೇಳ್ತೀರೇನು? ನಾ ಆಗಲೇ ಹ್ಞೂಂ ಅಂದೆ."

"ಯಾವಾಗ್ರಿ? ನನಗ ಕೇಳಿಸಲೇ ಇಲ್ಲ!"

"ನೀವು ನಳಾ ಬಿಟ್ಟಿದ್ರಿ."

"ಹಂಗಾರ..." ಅವನು ಗೋಡೆ ಬಿಟ್ಟು ಒಂದು ಹೆಜ್ಜೆ ಹತ್ತಿರ ಬಂದ. "ಇನ್ನೊಮ್ಮೆ ಅನ್ರಿ."

ಉಮಾ ಅವನ ತಣ್ಣಗಿನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಹ್ಞೂಂ."